ಮರಳಿನ ಕೊಳೆ, ಕಾಂಕ್ರೀಟಿನ ಬಲ

ಮನೆ ಕಟ್ಟಿಸಹೊರಟ ಗೃಹಸ್ಥನು ಸಿಮೆಂಟು ಯಾವುದಾದೀತೆಂದು ಹತ್ತು ಜನರಲ್ಲಿ ವಿಚಾರಿಸುತ್ತಾನೆ; ಕಂಬಿಯ ಮೈಮೇಲೆ ಒತ್ತಿರುವ ಮುದ್ರೆಯನ್ನು ಕನ್ನಡಕ ಏರಿಸಿಕೊಂಡು ಓದುತ್ತಾನೆ; ಬಾಗಿಲಿನ ಮರಕ್ಕಾಗಿ ಎರಡು ಊರು ಸುತ್ತಲೂ ಹಿಂಜರಿಯುವುದಿಲ್ಲ. ಆದರೆ ಅದೇ ಗೃಹಸ್ಥನು, ರಾತ್ರಿ ಹನ್ನೊಂದು ಗಂಟೆಗೆ ಟಿಪ್ಪರ್ ಲಾರಿಯು ನಿವೇಶನದ ಮುಂದೆ ಸುರಿದುಹೋದ ಮರಳನ್ನೂ ಜಲ್ಲಿಯನ್ನೂ ಬೆಳಿಗ್ಗೆ ದೂರದಿಂದಲೇ ಅವಲೋಕಿಸಿ, ‘ಲೋಡು ಸರಿಯಾಗಿದೆಯೇ?’ ಎಂದಷ್ಟೇ ಮೇಸ್ತ್ರಿಯನ್ನು ಕೇಳಿ, ಹಣವನ್ನು ಎಣಿಸಿಕೊಟ್ಟು ನಿಶ್ಚಿಂತನಾಗುತ್ತಾನೆ. ಕಾಂಕ್ರೀಟಿನ ಒಟ್ಟು ಗಾತ್ರದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಇರುವುದು ಅವನು ಸರಿಯಾಗಿ ನೋಡದೆ ಬಿಟ್ಟ ಈ ಎರಡು ರಾಶಿಗಳೇ. ವರ್ಷ ಕಳೆದ ಮೇಲೆ ಗೋಡೆಗೆ ಮೊಳೆ ಹೊಡೆದರೆ ಲಿಂಟಲಿನಿಂದ ಪುಡಿ ಉದುರುತ್ತದೆಂದೂ, ಮೊದಲ ಮಳೆಗೇ ತಾರಸಿ ಜಿನುಗಿತೆಂದೂ, ‘ಒಳ್ಳೆಯ ಸಿಮೆಂಟನ್ನೇ ಹಾಕಿಸಿದ್ದೆವಲ್ಲ!’ ಎಂದೂ ಕೇಳಿಬರುವ ವ್ಯಥೆಯ ಮೂಲವು ಅನೇಕ ವೇಳೆ ಅಲ್ಲಿಯೇ ಇರುತ್ತದೆ.

ಈ ಮಾತನ್ನು ನಾನು ಪರರ ಅನುಭವದಿಂದ ಹೇಳುತ್ತಿಲ್ಲ. ನಮ್ಮ ಮನೆಯ ಹಿತ್ತಲ ಕಡೆಗೆ ಅಡಿಗೆಮನೆಯನ್ನು ವಿಸ್ತರಿಸಿದಾಗ ಹಾಕಿಸಿದ ಲಿಂಟಲಿನ ಒಂದು ಮೂಲೆಯು, ಬಡಗಿಯು ಕಿಟಕಿಯ ಚೌಕಟ್ಟನ್ನು ಕೂಡಿಸುವಾಗ ಉಳಿಯ ಎರಡು ಪೆಟ್ಟಿಗೇ ಕಳಚಿ ಬಿದ್ದಿತು. ಬಿದ್ದ ತುಂಡನ್ನು ಕೈಗೆತ್ತಿಕೊಂಡು ನೋಡಿದೆ. ಹಲಸಿನ ತೊಳೆಯಿಂದ ಬೀಜವು ಜಾರುವಂತೆ ಜಲ್ಲಿಕಲ್ಲು ತನ್ನ ಗೂಡಿನಿಂದ ಇಡಿಯಾಗಿ ಜಾರಿಬಂತು. ಅದು ಕುಳಿತಿದ್ದ ಗುಳಿಯ ಒಳಮೈಯಲ್ಲಿ ಬೆರಳಾಡಿಸಿದರೆ ಬೂದುಬಣ್ಣದ ನಯವಾದ ಧೂಳು ಬೆರಳಿಗಂಟಿತು. ಸಿಮೆಂಟು ಗಟ್ಟಿಯಾಗಿಯೇ ಇದ್ದಿತು, ಕಲ್ಲಂತೂ ಕಗ್ಗಲ್ಲು. ಇವೆರಡರ ನಡುವೆ ಕ್ರಷರಿನ ಧೂಳು ಕುಳಿತು ಒಂದನ್ನೊಂದು ಮುಟ್ಟಗೊಡಲಿಲ್ಲ, ಅಷ್ಟೇ. ಚೆನ್ನಾಗಿ ಮಾಡಿದ ಕಾಂಕ್ರೀಟನ್ನು ಒಡೆದರೆ ಒಡಕು ಎಷ್ಟೋ ಕಡೆ ಕಲ್ಲನ್ನೇ ಸೀಳಿಕೊಂಡು ಹೋಗುತ್ತದೆ, ಕಲ್ಲು ಬಿಟ್ಟುಬಂದ ಕಡೆಯಲ್ಲಿಯೂ ಸಿಮೆಂಟಿನ ಚೂರುಗಳು ಅದರ ಮೈಗೆ ಅಂಟಿಕೊಂಡೇ ಬರುತ್ತವೆ. ಆ ದಿನ ನನ್ನ ಕೈಯಲ್ಲಿದ್ದ ಕಲ್ಲು ತೊಳೆದಿಟ್ಟಂತೆ ನುಣ್ಣಗಿತ್ತು. ತೊಳೆಯಬೇಕಾಗಿದ್ದಾಗ ಮಾತ್ರ ಅದನ್ನು ಯಾರೂ ತೊಳೆದಿರಲಿಲ್ಲ.

ಕೊಳೆಯು ಬಲವನ್ನು ಕದಿಯುವ ಬಗೆ

ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಹಕ್ಕುಪತ್ರ ಪಡೆದದ್ದು 1824ರಲ್ಲಿ. ನಮ್ಮ ಹಿರಿಯರು ಅದನ್ನು ನಂಬಿಕೊಂಡಿರಲಿಲ್ಲ. ಕೃಷ್ಣರಾಜಸಾಗರದ ಅಣೆಕಟ್ಟೆಯನ್ನೇ ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದರು. ಸಿಮೆಂಟು ಮನೆಮನೆಗೂ ಬಂದ ಮೇಲೆ ಅದರ ಸ್ವಭಾವವನ್ನು ಬಲ್ಲವರು ಪರೀಕ್ಷಿಸುತ್ತ ಹೋದರು. ಅಮೆರಿಕದ ಷಿಕಾಗೋ ನಗರದ ಡಫ್ ಏಬ್ರಮ್ಸ್ ಎಂಬ ಶಾಸ್ತ್ರಜ್ಞರು 1918ರಲ್ಲಿ ಪ್ರಕಟಿಸಿದ ನಿಯಮವೊಂದನ್ನು ಅರಿತರೆ ನಮ್ಮ ಕೆಲಸಕ್ಕೆ ಬಹುಮಟ್ಟಿಗೆ ಸಾಕು. ಇತರ ಅಂಶಗಳೆಲ್ಲ ಸಮನಾಗಿದ್ದ ಪಕ್ಷದಲ್ಲಿ, ಸಿಮೆಂಟಿಗೆ ನೀರು ಎಷ್ಟು ಪ್ರಮಾಣದಲ್ಲಿ ಕೂಡಿದೆಯೆಂಬುದರ ಮೇಲೆಯೇ ಕಾಂಕ್ರೀಟಿನ ಬಲವು ನಿಲ್ಲುತ್ತದೆ. ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ.

ಮರಳಿನ ಕೊಳೆಗೂ ಈ ನೀರಿನ ಲೆಕ್ಕಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಬಲು ನಿಕಟವಾದುದು. ಒಂದು ಬೊಗಸೆ ಮರಳಿನ ಕಣಗಳಿಗಿಂತ ಒಂದು ಚಿಟಿಕೆ ಜೇಡಿಯ ಕಣಗಳು ಎಷ್ಟೋ ಪಾಲು ಸೂಕ್ಷ್ಮವಾಗಿರುವುದರಿಂದ, ಅವುಗಳ ಮೈಯನ್ನೆಲ್ಲ ತೋಯಿಸಲು ವಿಪರೀತ ನೀರು ಬೇಕು; ಜೇಡಿಯಾದರೋ ಹೊರಮೈ ತೋಯ್ದರೆ ಸಾಲದೆಂಬಂತೆ ನೀರನ್ನು ಒಳಕ್ಕೂ ಹೀರಿ ಉಬ್ಬುತ್ತದೆ. ಕಲಸುವವನಿಗೆ ಮಾಲು ಗಟ್ಟಿಯಾಯಿತೆಂದು ತೋರುತ್ತದೆ, ಅವನು ಇನ್ನೊಂದು ಚೆಂಬು ನೀರು ಸುರಿಯುತ್ತಾನೆ. ಚೀಲ ಒಂದಕ್ಕೆ 25 ಲೀಟರ್ ಸಾಕಾಗುತ್ತಿದ್ದಲ್ಲಿ 30 ಲೀಟರ್ ಹಿಡಿಯಿತೆನ್ನಿ. ಹೆಚ್ಚಿದ್ದು ಅರ್ಧ ಕೊಡಕ್ಕೂ ಕಡಿಮೆ, ಆದರೆ ಏಬ್ರಮ್ಸರ ನಿಯಮದಂತೆ ಬಲದಲ್ಲಿ ಐದನೆಯ ಒಂದು ಪಾಲಿನಷ್ಟು ಅಲ್ಲಿಗೇ ಹೋಯಿತು. ತರುವಾಯ ಈ ಹೆಚ್ಚಿನ ನೀರು ಆರುವಾಗ ಕಾಂಕ್ರೀಟು ಕುಗ್ಗಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಆರಿದ ಜಾಗದಲ್ಲಿ ಸೂಕ್ಷ್ಮರಂಧ್ರಗಳು ಉಳಿಯುತ್ತವೆ, ಆ ರಂಧ್ರಗಳ ಮೂಲಕ ಮಳೆಯ ನೀರು ಕಂಬಿಯವರೆಗೂ ದಾರಿ ಮಾಡಿಕೊಳ್ಳುತ್ತದೆ.

ಇದು ಬಲವು ಕಳುವಾಗುವ ಒಂದು ದಾರಿ. ನಮ್ಮ ಲಿಂಟಲಿನಲ್ಲಾದುದು ಎರಡನೆಯದು: ಕಲ್ಲಿನ ಮೈಗೆ ಮೊದಲೇ ಅಂಟಿಕೊಂಡಿರುವ ಧೂಳಿನ ಪೊರೆಗೆ ಸಿಮೆಂಟು ಅಂಟುತ್ತದೆಯೇ ಹೊರತು ಕಲ್ಲಿಗಲ್ಲ. ಹಿಟ್ಟು ಉದುರಿಸಿದ ಮಣೆಯ ಮೇಲೆ ಲಟ್ಟಿಸಿದ ಚಪಾತಿ ಮಣೆಗೆ ಅಂಟದಿರುವುದನ್ನು ಬಲ್ಲ ಯಾವ ಗೃಹಿಣಿಗೂ ಇದನ್ನು ವಿವರಿಸಬೇಕಾಗಿಲ್ಲ. ಮೂರನೆಯದು ಸಿಮೆಂಟಿನ ರಾಸಾಯನಿಕ ಕ್ರಿಯೆಗೇ ಅಡ್ಡಬರುವ ಕೊಳೆ: ಕೊಳೆತ ಎಲೆ, ಬೇರು, ಸಗಣಿ, ಹೊಟ್ಟು, ಸಕ್ಕರೆಯ ಅಂಶ. ಹಳೆಯ ಸುಣ್ಣದ ಗಾರೆಗೆ ಬೆಲ್ಲದ ನೀರನ್ನು ಬೆರೆಸಿ ಅರೆಯುವ ವಾಡಿಕೆಯಿತ್ತಷ್ಟೆ. ಸುಣ್ಣಕ್ಕೆ ಹಿತವಾದ ಆ ಬೆಲ್ಲವೇ ಸಿಮೆಂಟಿಗೆ ಸಲ್ಲದು, ಅತ್ಯಲ್ಪ ಸಕ್ಕರೆಯೂ ಅದು ಗಟ್ಟಿಯಾಗುವುದನ್ನು ತಡೆದು ನಿಲ್ಲಿಸಬಲ್ಲುದು. ನಿನ್ನೆ ಆಲೆಮನೆಯಿಂದ ಬೆಲ್ಲ ಹೊತ್ತ ಲಾರಿಯು ಇಂದು ಗುಡಿಸದೆಯೇ ಮರಳನ್ನು ಹೊತ್ತು ತಂದರೆ ಏನಾದೀತೆಂಬುದನ್ನು ಮಂಡ್ಯದ ಕಡೆಯವರು ವಿಶೇಷವಾಗಿ ಯೋಚಿಸತಕ್ಕದ್ದು.

ಯಾವ ಮರಳು, ಎಂಥ ಕೊಳೆ

ನದಿಯ ಮರಳಿನಲ್ಲಿರುವುದು ಮುಖ್ಯವಾಗಿ ಗೋಡು ಮತ್ತು ಜೇಡಿ. ಭಾರತೀಯ ಮಾನಕ 383ರ 2016ರ ಆವೃತ್ತಿಯ ಪ್ರಕಾರ, 75 ಮೈಕ್ರಾನ್ ಜರಡಿಯಲ್ಲಿ ಇಳಿದುಹೋಗುವಷ್ಟು ನುಣುಪಾದ ಪದಾರ್ಥವು ನದೀಮರಳಿನಲ್ಲಿ ತೂಕದಿಂದ ನೂರಕ್ಕೆ 3 ಪಾಲನ್ನು ಮೀರಬಾರದು. ಅದೇ ಮಾನಕವು ಕಲ್ಲನ್ನು ಪುಡಿಮಾಡಿ ತಯಾರಿಸುವ ಮರಳಿಗೆ, ಅಂದರೆ ನಾವು ಎಂ-ಸ್ಯಾಂಡ್ ಎನ್ನುವುದಕ್ಕೆ, 15 ಪಾಲಿನವರೆಗೂ ಸಮ್ಮತಿ ಕೊಟ್ಟಿದೆ. ಇದನ್ನು ಪಕ್ಷಪಾತವೆಂದು ಎಣಿಸಬೇಡಿ. ಎಂ-ಸ್ಯಾಂಡಿನ ನುಣುಪು ಪುಡಿಯು ಕಲ್ಲಿನದೇ ಪುಡಿಯಾದುದರಿಂದ ಜೇಡಿಯಂತೆ ಉಬ್ಬುವುದಿಲ್ಲ, ಮಿತವಾಗಿದ್ದರೆ ಸಂದುಗಳನ್ನು ತುಂಬಿ ಉಪಕಾರವನ್ನೂ ಮಾಡುತ್ತದೆ. ಆದರೆ ಕ್ವಾರಿಯಲ್ಲಿ ಬಂಡೆಯ ಮೇಲಿನ ಕೆಮ್ಮಣ್ಣನ್ನು ಪೂರ್ತಿ ಬಿಡಿಸದೆ ಕ್ರಷರಿಗೆ ಹಾಕಿದ್ದರೆ, ಹೆಸರು ಎಂ-ಸ್ಯಾಂಡ್ ಆದರೂ ಒಳಗಿರುವುದು ಮಣ್ಣೇ.

ಬೆಂಗಳೂರು, ಕೋಲಾರಗಳ ಸುತ್ತಮುತ್ತ ‘ಫಿಲ್ಟರ್ ಮರಳು’ ಎಂಬೊಂದು ಪದಾರ್ಥವು ವರ್ಷಗಳಿಂದ ಮಾರಾಟವಾಗುತ್ತ ಬಂದಿದೆ. ಇದು ನದಿಯದೂ ಅಲ್ಲ, ಬಂಡೆಯದೂ ಅಲ್ಲ. ಕೆರೆಯಂಗಳದ, ಹೊಲದ ಮಣ್ಣನ್ನು ಅಗೆದು, ಗುಂಡಿಯಲ್ಲಿ ನೀರು ಹಾಯಿಸಿ ಕಲಕಿ, ಮಣ್ಣನ್ನು ಹರಿಯಬಿಟ್ಟು ತಳದಲ್ಲಿ ಉಳಿದುದನ್ನು ಮರಳೆಂದು ಮಾರುವುದು. ಕಣದ ಸುತ್ತ ಜೇಡಿಯ ಲೇಪವು ಎಷ್ಟು ಕಲಕಿದರೂ ಪೂರ್ತಿ ಹೋಗುವುದಿಲ್ಲ. ಕೆರೆಯೂ ಹಾಳು, ಹೊಲವೂ ಹಾಳು, ಕೊನೆಗೆ ಕಟ್ಟಿದ ಮನೆಯೂ ಹಾಳು. ನನ್ನ ಮಟ್ಟಿಗೆ ಹೇಳುವುದಾದರೆ, ಅದನ್ನು ಧರ್ಮಕ್ಕೆ ಕೊಟ್ಟರೂ ಮನೆಯಂಗಳಕ್ಕೆ ತರಿಸಬಾರದು.

ಕರಾವಳಿಯಲ್ಲಿ ಉಪ್ಪಿನ ಪ್ರಶ್ನೆ ಬೇರೆ. ಉಬ್ಬರದ ನೀರು ಏರುವ ಅಳಿವೆಯ ಮರಳಿನಲ್ಲಿ ಕ್ಲೋರೈಡ್ ಇರುತ್ತದೆ. ಅದು ಕಾಂಕ್ರೀಟಿಗಿಂತ ಹೆಚ್ಚಾಗಿ ಕಂಬಿಯ ವೈರಿ. ಕಂಬಿ ತುಕ್ಕು ಹಿಡಿದು ಉಬ್ಬಿದಾಗ ತಾರಸಿಯ ಅಡಿಭಾಗವು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಈ ಉಪ್ಪು ಕಣ್ಣಿಗೆ ಕಾಣದು, ಕೆಳಗೆ ಹೇಳುವ ಬಾಟಲಿಯ ಪರೀಕ್ಷೆಗೂ ಸಿಕ್ಕದು, ಪ್ರಯೋಗಾಲಯಕ್ಕೇ ಕಳುಹಿಸಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

1. ಅಂಗೈ ಪರೀಕ್ಷೆ. ರಾಶಿಯ ಮೇಲ್ಮೈಯನ್ನು ಸಲಿಕೆಯಿಂದ ಸರಿಸಿ, ಒಳಗಿನಿಂದ ಒಂದು ಹಿಡಿ ಒದ್ದೆ ಮರಳನ್ನು ತೆಗೆದು ಎರಡು ಅಂಗೈಗಳ ನಡುವೆ ತಿಕ್ಕಿ ಉದುರಿಸಿಬಿಡಿ. ಕೈ ಬಹುಮಟ್ಟಿಗೆ ಶುದ್ಧವಾಗಿ ಉಳಿದರೆ ಮುಂದಿನ ಪರೀಕ್ಷೆಗೆ ಹೋಗಬಹುದು. ಕೆಂಪಾದ ಅಥವಾ ಹಳದಿಯಾದ ಕಲೆಯು ಅಂಟಂಟಾಗಿ ಉಳಿದರೆ ಲಾರಿಯವನೊಡನೆ ಮಾತನಾಡುವ ಸಮಯ ಬಂದಿತೆಂದು ತಿಳಿಯಿರಿ. ಉಂಡೆ ಕಟ್ಟಿದರೆ ಒಡೆಯದೆ ನಿಲ್ಲುವ ಮರಳು, ಮರಳೇ ಅಲ್ಲ.

2. ಬಾಟಲಿ ಪರೀಕ್ಷೆ. ನೆಟ್ಟಗಿನ ಪಕ್ಕಗಳುಳ್ಳ ಪಾರದರ್ಶಕ ಗಾಜಿನ ಡಬ್ಬಿಯನ್ನೋ ಬಾಟಲಿಯನ್ನೋ ತೆಗೆದುಕೊಳ್ಳಿ. ರಾಶಿಯ ಮೇಲೆ, ನಡುವೆ, ಬುಡದಲ್ಲಿ, ನಾಲ್ಕಾರು ಕಡೆಯಿಂದ ತೆಗೆದ ಮರಳನ್ನು ಬೆರೆಸಿ ಅರ್ಧದವರೆಗೆ ತುಂಬಿ. ಒಂದು ಲೀಟರ್ ನೀರಿಗೆ ಎರಡು ಚಮಚದಷ್ಟು, ಸುಮಾರು 10 ಗ್ರಾಂ, ಅಡಿಗೆಯ ಉಪ್ಪನ್ನು ಕರಗಿಸಿ, ಆ ನೀರನ್ನು ಮುಕ್ಕಾಲು ಭಾಗದವರೆಗೆ ಸುರಿದು, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಅಲುಗದ ಸ್ಥಳದಲ್ಲಿ ಮೂರು ಗಂಟೆಗಳ ಪರ್ಯಂತ ಇಡಿ. ಉಪ್ಪೇಕೆಂದರೆ, ನೀರಿನಲ್ಲಿ ತೇಲುತ್ತಿರುವ ಜೇಡಿಯ ಕಣಗಳನ್ನು ಅದು ಒಟ್ಟುಗೂಡಿಸಿ ಬೇಗ ತಳಕ್ಕಿಳಿಸುತ್ತದೆ. ಮಳೆಗಾಲದಲ್ಲಿ ಕೆಂಪಾಗಿ ಹರಿದುಬಂದ ನೇತ್ರಾವತಿಯ ರಾಡಿಯು ಅಳಿವೆಯಲ್ಲಿ ಕಡಲ ನೀರು ಸೋಕಿದೊಡನೆ ಕೆಳಗಿಳಿಯತೊಡಗುವುದಕ್ಕೂ ಇದೇ ಒಂದು ಕಾರಣ. ಅನಂತರ ಅಡಿಪಟ್ಟಿಯಿಂದ ಅಳೆಯಿರಿ. ಮರಳಿನ ಪದರ 100 ಮಿಲಿಮೀಟರ್ ಇದ್ದು ಅದರ ಮೇಲೆ ಕುಳಿತ ಗೋಡಿನ ಪದರ 6 ಮಿಲಿಮೀಟರ್ ಇದ್ದರೆ ಕೊಳೆ ನೂರಕ್ಕೆ 6. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಗಳಲ್ಲಿ ಗಾತ್ರದ ಲೆಕ್ಕದಿಂದ ನೂರಕ್ಕೆ 8ರ ಮಿತಿಯಿದೆ. ತೂಕದ 3ಕ್ಕೂ ಗಾತ್ರದ 8ಕ್ಕೂ ವಿರೋಧವಿದೆಯೆಂದು ಭಾವಿಸಬೇಡಿ. ಆಗತಾನೆ ಇಳಿದ ಗೋಡು ಹತ್ತಿಯಂತೆ ಸಡಿಲವಾಗಿ ಕುಳಿತು, ತೂಕಕ್ಕೆ ಮೀರಿದ ಜಾಗವನ್ನು ಹಿಡಿಯುತ್ತದೆ.

3. ಬಕೆಟ್ ಪರೀಕ್ಷೆ, ಜಲ್ಲಿಗೆ. ಒಂದು ಬಾಂಡ್ಲಿ 20 ಎಂ.ಎಂ. ಜಲ್ಲಿಯನ್ನು ತಿಳಿನೀರಿನ ಬಕೆಟ್ಟಿಗೆ ಸುರಿದು ಕೈಯಿಂದ ಎರಡು ಬಾರಿ ಕಲಕಿ. ನೀರು ಸ್ವಲ್ಪ ಮಸುಕಾದರೆ ಚಿಂತೆಯಿಲ್ಲ. ಬಕೆಟ್ಟಿನ ತಳ ಕಾಣದಷ್ಟು ಹಾಲಿನಂತಾದರೆ ಆ ಜಲ್ಲಿಯನ್ನು ತೊಳೆಯದೆ ಉಪಯೋಗಿಸಬಾರದು. ಜಲ್ಲಿಗೆ ಮಾನಕದ ಮಿತಿ ಕಟುವಾದುದು, ತೂಕದಿಂದ ನೂರಕ್ಕೆ ಒಂದೇ ಪಾಲು.

4. ಬಣ್ಣದ ಪರೀಕ್ಷೆ. ಸಾವಯವ ಕೊಳೆಯ ಸಂಶಯವಿದ್ದಲ್ಲಿ ನೂರಕ್ಕೆ 3 ಪಾಲು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮರಳನ್ನು ಕುಲುಕಿ 24 ಗಂಟೆ ಬಿಟ್ಟು ನೋಡುತ್ತಾರೆ. ಮೇಲಿನ ದ್ರವವು ಒಣಹುಲ್ಲಿನ ಬಣ್ಣಕ್ಕಿಂತ ಗಾಢವಾಗಿ ಕಂದಿದರೆ ಮರಳು ಸಂಶಯಾಸ್ಪದ. ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಇದನ್ನು ಬಲ್ಲವರಿಗೇ ಬಿಡುವುದು ಲೇಸು.

ಎಂ-ಸ್ಯಾಂಡಿಗೆ ಬಾಟಲಿಯ ಪರೀಕ್ಷೆ ಮಾಡಿದವರು ದಪ್ಪನೆಯ ಪದರವನ್ನು ಕಂಡು ಗಾಬರಿಯಾಗುವುದುಂಟು. ಅದಕ್ಕೆ 8ರ ಮಿತಿಯನ್ನು ಹಚ್ಚಕೂಡದು. ಪದರದ ದಪ್ಪಕ್ಕಿಂತ ಅದರ ಗುಣವನ್ನು ನೋಡಿ. ಇದಕ್ಕೆ ಉಪ್ಪಿಲ್ಲದ ಬರಿಯ ನೀರನ್ನೇ ಬಳಸಿ, ಕುಲುಕಿ ಇಟ್ಟರೆ ಕಲ್ಲಿನ ಪುಡಿ ಬೇಗ ಇಳಿದು ಬೂದುಬಣ್ಣವಾಗಿ ಕೂರುತ್ತದೆ. ಜೇಡಿಯಿದ್ದರೆ ನೀರು ಮರುದಿನವೂ ಕೆಂಪು ರಾಡಿಯಾಗಿಯೇ ಇರುತ್ತದೆ. ಪದರದಿಂದ ಚಿಟಿಕೆಯಷ್ಟನ್ನು ತೆಗೆದು ಬೆರಳ ನಡುವೆ ಉಜ್ಜಿದರೆ ಕಲ್ಲಿನ ಪುಡಿ ಗರಗರ ಎನ್ನುತ್ತದೆ, ಜೇಡಿ ಬೆಣ್ಣೆಯಂತೆ ಜಾರುತ್ತದೆ.

ತೊಳೆಯುವ ಕ್ರಮ

ಜಲ್ಲಿಯನ್ನು ತೊಳೆಯುವುದೆಂದರೆ ರಾಶಿಯ ಮೇಲೆ ಪೈಪು ಹಿಡಿದು ನಿಲ್ಲುವುದೆಂದೇ ಬಹುಜನರ ಗ್ರಹಿಕೆ. ಹಾಗೆ ಮಾಡಿದರೆ ಮೇಲಿನ ಧೂಳು ಕೆಳಕ್ಕಿಳಿದು ಬುಡದಲ್ಲಿ ಕೆಸರಾಗಿ ಶೇಖರವಾಗುತ್ತದೆ. ಬೆಳಗಿನ ಪಿಲ್ಲರುಗಳಿಗೆ ಶುದ್ಧವಾದ ಜಲ್ಲಿಯೂ ಸಂಜೆಯ ಪಿಲ್ಲರುಗಳಿಗೆ ಕೆಸರು ಮೆತ್ತಿದ ಜಲ್ಲಿಯೂ ಸಲ್ಲುತ್ತದೆ. ಓರೆಯಾಗಿ ನಿಲ್ಲಿಸಿದ ಜರಡಿಯ ಮೇಲೆ ತೆಳುವಾಗಿ ಎರಚುತ್ತ ನೀರು ಬಿಡುವುದು ಸರಿಯಾದ ಕ್ರಮ. ಇದನ್ನು ಕಾಂಕ್ರೀಟು ಹಾಕುವ ಹಿಂದಿನ ದಿನವೇ ಮಾಡಿ, ರಾತ್ರಿಯೆಲ್ಲ ನೀರು ಬಸಿಯಲು ಬಿಡಬೇಕು. ಕಲ್ಲು ಒಳಗೆ ನೀರುಂಡು ಹೊರಗೆ ಹೊಳಪಿಲ್ಲದೆ ಇರುವ ಸ್ಥಿತಿಯೇ ಉತ್ತಮವಾದುದು.

ಮರಳನ್ನು ತೊಳೆಯುವುದು ಇದಕ್ಕಿಂತ ಸೂಕ್ಷ್ಮ. ರಭಸದಿಂದ ನೀರು ಹಾಯಿಸಿದರೆ ಗೋಡಿನೊಡನೆ ನುಣ್ಣನೆಯ ಮರಳೂ ಕೊಚ್ಚಿಹೋಗಿ, ಉಳಿದ ದಪ್ಪಮರಳಿನಿಂದ ಮಾಡಿದ ಕಾಂಕ್ರೀಟು ಒರಟಾಗಿ, ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂತೆ ತೂತುತೂತಾಗಿ ಕಾಣುತ್ತದೆ. ಅಲ್ಪಸ್ವಲ್ಪ ಕೊಳೆಯಿದ್ದರೆ ಮೆಲ್ಲನೆ ತೊಳೆಯಿರಿ. ಬಹಳವಾಗಿದ್ದರೆ ಲೋಡನ್ನು ಹಿಂದಕ್ಕೆ ಕಳುಹಿಸಿ. ತೊಳೆದ ಮರಳನ್ನು ಕೂಡಲೇ ಅಳೆದು ಹಾಕುವುದೂ ತಪ್ಪು, ಏಕೆಂದರೆ ತೇವವಿರುವ ಮರಳು ಉಬ್ಬಿ ಹೆಚ್ಚು ಜಾಗ ಹಿಡಿಯುವುದರಿಂದ, ಅಳತೆಯ ಪೆಟ್ಟಿಗೆ ತುಂಬಿದಂತೆ ಕಂಡರೂ ಒಳಗೆ ಮರಳು ಕಡಿಮೆಯೇ ಇರುತ್ತದೆ. ಅಲ್ಲದೆ ಆ ತೇವವೂ ನೀರೇ. ಎಂ 20 ಮಟ್ಟದ ಕಾಂಕ್ರೀಟನ್ನು 1:1½:3ರ ಅಳತೆಯಲ್ಲಿ ಕಲಸುವಾಗ 50 ಕಿಲೋ ಚೀಲಕ್ಕೆ ಒಟ್ಟು ನೀರು 30 ಲೀಟರನ್ನು ಮೀರಬಾರದೆಂದು ಮಾನಕ 456 ಹೇಳುವಾಗ, ಮರಳಿನ ತೇವವೂ ಅದರೊಳಗೇ ಸೇರಿತು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ಪ್ರಬಲವಾದದ್ದು ಮೇಸ್ತ್ರಿಗಳ ಬಾಯಲ್ಲಿ ಸದಾ ಸಿದ್ಧವಾಗಿರುವ ಈ ಸಮಾಧಾನ: “ಏನೂ ಆಗೋದಿಲ್ಲ ಸಾರ್, ಅರ್ಧ ಬಾಂಡ್ಲಿ ಸಿಮೆಂಟ್ ಜಾಸ್ತಿ ಹಾಕಿದ್ರೆ ಸರಿಹೋಗುತ್ತೆ.” ಸಿಮೆಂಟು ಹೆಚ್ಚಿಸಿದರೆ ನೀರಿನ ಲೆಕ್ಕ ಕೊಂಚ ಸುಧಾರಿಸಬಹುದು, ಕಲ್ಲಿನ ಮೈಮೇಲಿನ ಪೊರೆ ಮಾತ್ರ ಅಲ್ಲಿಯೇ ಇರುತ್ತದೆ, ಖರ್ಚು ಹೆಚ್ಚುತ್ತದೆ, ಕುಗ್ಗುವಿಕೆಯೂ ಹೆಚ್ಚುತ್ತದೆ. ಮೇಸ್ತ್ರಿಗಳನ್ನು ನಾನು ನಿಂದಿಸುತ್ತಿಲ್ಲ. ಹತ್ತು ಆಳುಗಳು ಕೂಲಿಗೆ ಬಂದು ನಿಂತಿರುವಾಗ ಮರಳು ಸರಿಯಿಲ್ಲವೆಂದು ಕೆಲಸ ನಿಲ್ಲಿಸುವ ಅಧಿಕಾರ ಅವರಿಗಿರುವುದಿಲ್ಲ, ಅದು ಮನೆಯ ಯಜಮಾನನದು.

ಎರಡನೆಯದು, ಒಳ್ಳೆಯ ಮರಳನ್ನೇ ತರಿಸಿ ಅದನ್ನು ಬರಿಯ ನೆಲದ ಮೇಲೆ ಸುರಿಸುವುದು. ರಾಶಿ ಮುಗಿಯುತ್ತ ಬಂದಂತೆ ಸಲಿಕೆಯು ನೆಲದ ಮಣ್ಣನ್ನೂ ಕೆರೆದು ಮಿಕ್ಸರಿಗೆ ಹಾಕುತ್ತದೆ. ಟಾರ್ಪಾಲಿನನ್ನೋ ಹಳೆಯ ಇಟ್ಟಿಗೆಯನ್ನೋ ಹಾಸಿ, ಮರಳಿಗೂ ಜಲ್ಲಿಗೂ ನಡುವೆ ಅಡ್ಡಹಲಗೆ ಇಟ್ಟು, ಮಳೆನೀರು ರಾಶಿಯ ಬುಡಕ್ಕೆ ಹರಿಯದಂತೆ ಮೇಲುಗಡೆಯಲ್ಲಿ ಒಂದು ಗೇಣು ಅಗಲದ ಕಾಲುವೆ ತೆಗೆಸಿ. ಬೀದಿಯ ಬೆಕ್ಕುಗಳಿಗೆ ಮರಳಿನ ರಾಶಿಯು ಯಾವ ಪ್ರಯೋಜನಕ್ಕೆ ಒದಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ, ರಾತ್ರಿ ಮುಚ್ಚಿಡಿ.

ಇನ್ನು ಪ್ಲಾಸ್ಟರಿಂಗಿಗೆಂದು ತಂದ ಪಿ-ಸ್ಯಾಂಡನ್ನು ಕಾಂಕ್ರೀಟಿಗೂ, ಕ್ರಷರಿನ ಬರಿಯ ಡಸ್ಟನ್ನು ಎಂ-ಸ್ಯಾಂಡಿನ ಬದಲಿಗೂ ಹಾಕುವುದು. ಎರಡೂ ಸಲ್ಲದು.

ಎಚ್ಚರಿಕೆಯ ಎರಡು ಮಾತು

ಬಾಟಲಿಯ ಪರೀಕ್ಷೆಯು ಕೆಟ್ಟ ಮರಳನ್ನು ತಿರಸ್ಕರಿಸಲು ಸಾಧನವೇ ಹೊರತು ಕಟ್ಟಡಕ್ಕೆ ಯೋಗ್ಯತಾಪತ್ರವಲ್ಲ. ಪಿಲ್ಲರು, ತೊಲೆ, ತಾರಸಿಗಳ ಕಾಂಕ್ರೀಟನ್ನು ಹಾಕುವ ದಿನ ಅದೇ ಮಾಲಿನಿಂದ 150 ಮಿಲಿಮೀಟರ್ ಅಳತೆಯ ಮೂರು ಘನಗಳನ್ನು ಅಚ್ಚಿನಲ್ಲಿ ತೆಗೆಸಿ, ನೀರಿನಲ್ಲಿರಿಸಿ, 28ನೆಯ ದಿನ ಸಮೀಪದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಒಡೆಸಿ ನೋಡಿ. ಮನೆಯ ಒಟ್ಟು ಖರ್ಚಿನಲ್ಲಿ ಇದರ ಶುಲ್ಕವು ಲೆಕ್ಕಕ್ಕೇ ಬಾರದು. ಒಡೆದ ಘನವನ್ನು ಕೇಳಿ ಪಡೆದು ಒಳಮೈಯನ್ನೂ ನೋಡಿ: ಕಲ್ಲು ಸೀಳಿದೆಯೇ, ಜಾರಿಬಂದಿದೆಯೇ? ಮರಳು ಎಷ್ಟೇ ಶುದ್ಧವಾಗಿದ್ದರೂ, ಹಾಕಿದ ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಮಿಶ್ರ ಸಿಮೆಂಟಾದರೆ ಹತ್ತು ದಿನ, ಬಿಸಿಲುನಾಡಿನಲ್ಲಿ ಅದಕ್ಕೂ ಹೆಚ್ಚು ನೀರುಣಿಸದಿದ್ದರೆ ಈ ಶ್ರಮವೆಲ್ಲ ವ್ಯರ್ಥವೆಂಬುದೂ ನೆನಪಿರಲಿ.

ಲಾರಿಯು ಬಾಗಿಲಿಗೆ ಬಂದ ಮೇಲೆ ಬಾಟಲಿಯಲ್ಲಿ ಗೋಡು ಇಳಿಯುವ ತನಕ ಮೂರು ಗಂಟೆ ಕಾಯುವ ಚಾಲಕನು ಯಾವ ಊರಿನಲ್ಲಿಯೂ ಇಲ್ಲ. ಆದುದರಿಂದ ಮುಂಗಡ ಕೊಡುವ ಮೊದಲು, ಹಿಂದಿನ ಸಂಜೆಯೇ ಮರಳಿನ ಯಾರ್ಡಿಗೆ ತಾವೇ ಹೋಗಿ, ಒಂದು ಸೇರಿನಷ್ಟನ್ನು ಚೀಲದಲ್ಲಿ ಕಟ್ಟಿಸಿಕೊಂಡು ಬನ್ನಿ. ಬಾಟಲಿಯೂ ಉಪ್ಪೂ ಮನೆಯಲ್ಲಿಯೇ ಇವೆ.